ಕಫ ಹೊರಬಂದರೇ ಮದ್ದಿಗೆ ದಾರಿ: ಬಿಡದೆ ಕಾಡುವ ಎದೆಸೋಂಕನ್ನು ನಿಭಾಯಿಸುವುದು ಹೇಗೆ?

ಒಂದು ವಾರ ಆಂಟಿಬಯೋಟಿಕ್ ನುಂಗಿದರೆ ಕೆಮ್ಮು ಇಳಿಯುತ್ತದೆ, ಕಫ ತಿಳಿಯಾಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಹಸಿರು ಕಫ, ಅದೇ ಸುಸ್ತು, ಅದೇ ಗುಳಿಗೆ. ವರ್ಷಕ್ಕೆ ಮೂರು ನಾಲ್ಕು ಸಲ ಹೀಗಾಗುತ್ತಿದ್ದರೆ, ನಡುವಿನ ದಿನಗಳಲ್ಲೂ ಕಫ ನಿಲ್ಲದಿದ್ದರೆ, ಇನ್ನಷ್ಟು ಜೋರಿನ ಗುಳಿಗೆ ಹುಡುಕುವುದರಿಂದ ಪ್ರಯೋಜನವಿಲ್ಲ. ಶ್ವಾಸನಾಳಗಳೇ ಕೆಟ್ಟಿರಬಹುದು. ಇದರ ಹಿಂದಿರುವ ಮುಖ್ಯ ಕಾಯಿಲೆಗಳಲ್ಲೊಂದು ಬ್ರಾಂಕಿಯೆಕ್ಟಾಸಿಸ್.

ಆರೋಗ್ಯವಂತರ ಶ್ವಾಸನಾಳದ ಒಳಗೋಡೆಯಲ್ಲಿರುವ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ನಾಳ ಹಿಗ್ಗಿ, ಗೋಡೆ ದಪ್ಪವಾಗಿ, ಈ ಕೆಲಸ ಕುಂಟುತ್ತದೆ. ಲೋಳೆ ಅಲ್ಲಲ್ಲೇ ನಿಲ್ಲುತ್ತದೆ, ನಿಂತಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದನ್ನು ಕೊಲ್ಲಲು ಬರುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಆ ಕಿಣ್ವ ನಾಳದ ಗೋಡೆಯನ್ನೂ ತಿನ್ನುತ್ತದೆ. ಗೋಡೆ ಕೆಟ್ಟಷ್ಟೂ ಲೋಳೆ ಹೆಚ್ಚು ನಿಲ್ಲುತ್ತದೆ. ಈ ವಿಷವರ್ತುಲವನ್ನು ಶ್ವಾಸಕೋಶ ತಜ್ಞ ಪೀಟರ್ ಕೋಲ್ 1986ರಲ್ಲೇ ವಿವರಿಸಿದ್ದರು. ಇದರ ಮೇಲೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟಿನ ಪದರ, ಅಂದರೆ ಬಯೋಫಿಲ್ಮ್ ಕಟ್ಟಿಕೊಳ್ಳುತ್ತವೆ. ಪದರದ ಹೊರಗಿರುವವು ಗುಳಿಗೆಗೆ ಸಾಯುತ್ತವೆ, ಒಳಗಿರುವವು ಉಳಿದುಕೊಂಡು ಮತ್ತೆ ಹೆಚ್ಚುತ್ತವೆ. ಆದ್ದರಿಂದಲೇ ಈ ಕಾಯಿಲೆಯಲ್ಲಿ ದಿನವೂ ಕಫ ತೆಗೆಯುವುದು ಮೂಲ ಚಿಕಿತ್ಸೆ. ಆಂಟಿಬಯೋಟಿಕ್ ಎಷ್ಟೇ ಒಳ್ಳೆಯದಿದ್ದರೂ ಅದರ ಸ್ಥಾನ ಎರಡನೆಯದು.

ಮೊದಲು ಕಾರಣ ಹುಡುಕಿ

ಆರಂಭದ ಹಂತದಲ್ಲಿ ಎದೆಯ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಖಚಿತವಾಗಲು ಸೂಕ್ಷ್ಮ ವಿವರ ತೋರಿಸುವ ಸಿಟಿ, ಅಂದರೆ ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್ ಬೇಕು. ಜೊತೆಗೆ ಪೂರ್ಣ ರಕ್ತಕಣ ಎಣಿಕೆ, ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನ್‌ಗಳಾದ ಇಮ್ಯುನೊಗ್ಲಾಬ್ಯುಲಿನ್ (ಐಜಿಜಿ, ಐಜಿಎ, ಐಜಿಎಂ) ಮಟ್ಟ, ಆಸ್ಪರ್ಜಿಲಸ್ ಶಿಲೀಂಧ್ರದ ಅಲರ್ಜಿ ಪರೀಕ್ಷೆ ಮಾಡಿಸಬೇಕು. ಈ ರಕ್ತಪರೀಕ್ಷೆಗಳನ್ನು ಎಷ್ಟೋ ಜನರಿಗೆ ಬರೆದುಕೊಡುವುದೇ ಇಲ್ಲ, ನೀವೇ ಕೇಳಿ. ಇಮ್ಯುನೊಗ್ಲಾಬ್ಯುಲಿನ್ ಕೊರತೆಯಿದ್ದರೆ ಅದನ್ನು ತುಂಬಿಕೊಡಬಹುದು. ಶಿಲೀಂಧ್ರದ ಅಲರ್ಜಿಗೆ ಚಿಕಿತ್ಸೆಯೇ ಬೇರೆ. ಚಿಕ್ಕ ವಯಸ್ಸಿನಿಂದಲೇ ಕಫ, ಸೈನಸ್ ತೊಂದರೆ ಇದ್ದವರು ಸಿಸ್ಟಿಕ್ ಫೈಬ್ರೋಸಿಸ್ (ಲೋಳೆ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ಮತ್ತು ರೋಮಗಳ ಹುಟ್ಟುದೋಷದ ಪರೀಕ್ಷೆಗಳ ಬಗ್ಗೆಯೂ ವಿಚಾರಿಸಬೇಕು.

ಕಫದ ಸ್ಯಾಂಪಲ್ ಕೊಡುವ ಬಗೆ

ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಕೊಡುವ ಮದ್ದು ಊಹೆಯ ಮದ್ದು. ಆದರೆ ಲ್ಯಾಬ್‌ಗೆ ಹೋಗುವ ಡಬ್ಬಿಗಳಲ್ಲಿ ಎಷ್ಟೋ ಸಲ ಇರುವುದು ಬರೀ ಎಂಜಲು. ಅದರಿಂದ ಬರುವ ವರದಿ ನಂಬುವಂಥದ್ದಲ್ಲ.

ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನುವ ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಮೌತ್‌ವಾಷ್ ಬೇಡ, ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮುಂದೆ ಹೇಳುವ ಉಸಿರಾಟದ ಕ್ರಮ ಮಾಡಿ ಎದೆಯ ಆಳದಿಂದ ಬಂದ ಕಫವನ್ನು ನೇರವಾಗಿ ಡಬ್ಬಿಗೆ ಹಾಕಿ. 3ರಿಂದ 5 ಮಿಲಿ ಸಾಕು. ಡಬ್ಬಿಯೊಳಗೆ ಬೆರಳು ತಾಗಿಸಬೇಡಿ. ಎರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ. ಆಗದಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಕೊಡಿ, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಆಂಟಿಬಯೋಟಿಕ್‌ನ ಮೊದಲ ಗುಳಿಗೆ ನುಂಗುವ ಮುಂಚೆ ಸ್ಯಾಂಪಲ್ ಕೊಟ್ಟಿರಬೇಕು.

ವರದಿ ಬಂದಾಗ ಬ್ಯಾಕ್ಟೀರಿಯಾದ ಹೆಸರಿಗಿಂತ ಮೊದಲು ಕೋಶಗಳ ಸಾಲನ್ನು ನೋಡಿ. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯ ಒಂದು ನೋಟದಲ್ಲಿ ಕೀವುಕೋಶಗಳು 25ಕ್ಕಿಂತ ಹೆಚ್ಚಿದ್ದು, ಬಾಯಿಯ ಎಪಿಥೀಲಿಯಲ್ ಕೋಶಗಳು 10ಕ್ಕಿಂತ ಕಡಿಮೆಯಿದ್ದರೆ ಅದು ಎದೆಯ ಕಫವೇ. ತಿರುಗುಮುರುಗಾಗಿದ್ದರೆ ಮತ್ತೊಮ್ಮೆ ಕೊಡಿ.

ಸಾಮಾನ್ಯ ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕ್ಷಯದ ಬ್ಯಾಕ್ಟೀರಿಯಾವಾಗಲಿ, ಅದರ ಬಳಗದ ಎನ್‌ಟಿಎಂ (ಕ್ಷಯ ತರದ ಮೈಕೋಬ್ಯಾಕ್ಟೀರಿಯಾ) ಆಗಲಿ ಕಾಣುವುದಿಲ್ಲ. ಅದಕ್ಕೆ ಎಎಫ್‌ಬಿ ಸ್ಮಿಯರ್ ಮತ್ತು ಕಲ್ಚರ್ ಎಂದು ಪ್ರತ್ಯೇಕವಾಗಿ ಬರೆಸಬೇಕು. ಅಂತಿಮ ಫಲಿತಾಂಶಕ್ಕೆ 6ರಿಂದ 8 ವಾರ ಹಿಡಿಯಬಹುದು. ಎನ್‌ಟಿಎಂ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕ್ಷಯ ಹರಡುತ್ತದೆ, ಆದ್ದರಿಂದ ಅನುಮಾನವಿದ್ದರೆ ತಡ ಬೇಡ.

ದಿನವೂ ಕಫ ತೆಗೆಯುವ ಕ್ರಮ

ಜೋರಾಗಿ ಕೆಮ್ಮಿದರೆ ಕಫ ಬರುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಮೃದುವಾದ, ಹಿಗ್ಗಿದ ನಾಳಗಳು ಜೋರು ಕೆಮ್ಮಿನ ಒತ್ತಡಕ್ಕೆ ಮಡಚಿಕೊಳ್ಳುತ್ತವೆ, ಕಫ ಅವುಗಳ ಹಿಂದೆಯೇ ಸಿಕ್ಕಿಬೀಳುತ್ತದೆ. ಪಕ್ಕೆ ನೋಯುತ್ತದೆ, ಉಸಿರು ಕಟ್ಟುತ್ತದೆ, ಕಫ ಮಾತ್ರ ಅಲ್ಲೇ. ಇದರ ಬದಲು ಮೂರು ಹಂತಗಳ ಉಸಿರಾಟದ ಚಕ್ರವನ್ನು ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತು, ಬೆಳಿಗ್ಗೆ ಸಂಜೆ ಮಾಡಬೇಕು.

ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕುಳಿತು, ಭುಜ ಸಡಿಲ ಬಿಡಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೊದಲ ಹಂತದಲ್ಲಿ 20-30 ಸೆಕೆಂಡ್ ಮೂಗಿನಿಂದ ಮೆಲ್ಲಗೆ ಉಸಿರಾಡಿ; ಏರಿಳಿಯಬೇಕಾದದ್ದು ಹೊಟ್ಟೆ, ಭುಜವಲ್ಲ.

ಎರಡನೆಯದು ಆಳವಾದ ಉಸಿರು. ನಿಧಾನವಾಗಿ ಎದೆ ತುಂಬ ಎಳೆದುಕೊಂಡು 3 ಸೆಕೆಂಡ್ ಹಿಡಿದು, ಒತ್ತಡ ಹಾಕದೆ ಬಿಡಿ. ಹೀಗೆ 3ರಿಂದ 5 ಸಲ. ಹಿಡಿದಿಡುವ ಆ ಹೊತ್ತಿನಲ್ಲಿ ಗಾಳಿ ಅಕ್ಕಪಕ್ಕದ ಸಣ್ಣ ದಾರಿಗಳಿಂದ ಕಫದ ಹಿಂದಕ್ಕೆ ಹೋಗುತ್ತದೆ. ಕಫವನ್ನು ಮುಂದೂಡುವುದು ಹಿಂದೆ ಸೇರಿದ ಆ ಗಾಳಿಯೇ. ಐದಕ್ಕಿಂತ ಹೆಚ್ಚು ಸಲ ಒಂದೇ ಸಮನೆ ಮಾಡಿದರೆ ತಲೆ ಸುತ್ತುತ್ತದೆ. ನಡುವೆ ಮತ್ತೆ ಮೊದಲ ಹಂತದ ಮೆಲುಉಸಿರಿಗೆ ಬನ್ನಿ.

ಮೂರನೆಯದು ಹಫ್, ಜನ ಅತ್ಯಂತ ಹೆಚ್ಚು ತಪ್ಪು ಮಾಡುವ ಹಂತ. ಕನ್ನಡಿಯನ್ನು ಮಬ್ಬಾಗಿಸಲು ಹೇಗೆ ಬಾಯಿ ತೆರೆದು ಬಿಸಿಯುಸಿರು ಬಿಡುತ್ತೇವೋ ಹಾಗೆ, ಆದರೆ ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ರಭಸವಾಗಿ "ಹಾ" ಎಂದು ಬಿಡಬೇಕು. ಗಂಟಲು ತೆರೆದೇ ಇರಬೇಕು. ಆಳದ ಕಫಕ್ಕೆ ಮಾಮೂಲಿ ಅಳತೆಯ ಉಸಿರು ಎಳೆದು, ಎದೆ ಬಹುತೇಕ ಖಾಲಿಯಾಗುವವರೆಗೆ ಉದ್ದವಾಗಿ ಹಫ್ ಮಾಡಿ. ಕಫ ಮೇಲೆ ಬಂದು ಗೊರಗೊರ ಸದ್ದು ಕೇಳತೊಡಗಿದಾಗ ಎದೆ ತುಂಬ ಉಸಿರು ಎಳೆದು, ಚಿಕ್ಕದಾಗಿ ಚುರುಕಾಗಿ ಹಫ್ ಮಾಡಿ. ಆಮೇಲೆ ಒಂದು ಕೆಮ್ಮು ಸಾಕು, ಕಫ ಬಾಯಿಗೆ ಬರುತ್ತದೆ. ಸೀಟಿಯಂಥ ಸದ್ದು ಬಂದರೆ ರಭಸ ಜಾಸ್ತಿಯಾಯಿತು ಎಂದರ್ಥ, ನಾಳ ಮಡಚುತ್ತಿದೆ. ಸ್ವಲ್ಪ ಮೆಲ್ಲಗೆ ಮಾಡಿ. ಗಂಟಲು ಉರಿದರೆ ಬಾಯಿ ಸಾಕಷ್ಟು ತೆರೆದಿಲ್ಲ.

ಒಂದೆರಡು ಹಫ್ ಆದ ಮೇಲೆ ಮತ್ತೆ ಮೊದಲ ಹಂತ. ಇಡೀ ಚಕ್ರವನ್ನು 10ರಿಂದ 20 ನಿಮಿಷ ಮಾಡಿ. ಎರಡು ಸುತ್ತುಗಳಲ್ಲಿ ಹಫ್ ಒಣದಾಗಿ ಕೇಳಿದರೆ ಆ ಹೊತ್ತಿನ ಕೆಲಸ ಮುಗಿಯಿತು. ಸುಸ್ತಾಗುವವರೆಗೆ ಮಾಡಬೇಡಿ.

ಕಫ ಎಲ್ಲಿ ನಿಲ್ಲುತ್ತದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಗಿದ್ದರೆ ಆ ಭಾಗ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿ ಇದೇ ಚಕ್ರ ಮಾಡಬಹುದು. ಹುಳಿತೇಗು, ಎದೆಯುರಿ ಇರುವವರು ತಲೆ ಕೆಳಗಾಗುವ ಭಂಗಿ ಮಾಡಲೇಬಾರದು. ಹೊಟ್ಟೆಯ ಆಮ್ಲ ಶ್ವಾಸನಾಳಕ್ಕೆ ಇಳಿದರೆ ಕಾಯಿಲೆ ಇನ್ನಷ್ಟು ಕೆಡುತ್ತದೆ. ಊದಿದಾಗ ನಾಳದಲ್ಲಿ ಕಂಪನ ಹುಟ್ಟಿಸುವ ಪೆಪ್ ಸಾಧನಗಳೂ ಒಳ್ಳೆಯವೇ, ಆದರೆ ಅವುಗಳ ಜೊತೆಗೂ ಹಫ್ ಬೇಕೇ ಬೇಕು.

ವೇಗದ ನಡಿಗೆಯೂ ಕಫ ಸಡಿಲಿಸುತ್ತದೆ. ಕೆಮ್ಮು ನಿಲ್ಲಿಸುವ ಸಿರಪ್ ಕುಡಿಯಬೇಡಿ, ಹೊರಬರಬೇಕಾದದ್ದನ್ನು ಅದು ಒಳಗೇ ನಿಲ್ಲಿಸುತ್ತದೆ.

ನೆಬ್ಯುಲೈಸರ್: ಯಾವುದು ಮೊದಲು, ಯಾವುದು ನಂತರ

ಕಫ ಅಂಟಂಟಾಗಿದ್ದರೆ ವೈದ್ಯರು ಶೇ 3ರಿಂದ 7ರ ಉಪ್ಪುದ್ರಾವಣ ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಸಲಕ್ಕೆ 4 ಮಿಲಿ. ಅದು ನಾಳದೊಳಕ್ಕೆ ನೀರು ಸೆಳೆದು ಕಫವನ್ನು ತೆಳುಗೊಳಿಸುತ್ತದೆ. ಕೆಲವರಿಗೆ ಇದರಿಂದ ನಾಳ ಬಿಗಿಯುವುದರಿಂದ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಬೇಕು, ಮೊದಲೂ ಆಮೇಲೂ ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ನೋಡಬೇಕು. ಮನೆಯಲ್ಲಿ ಉಪ್ಪು ಕಲಸಿ ಹಾಕುವುದು ಖಂಡಿತ ಬೇಡ, ಆ ನೀರು ಕ್ರಿಮಿರಹಿತವಲ್ಲ.

ಕ್ರಮ ಹೀಗಿರಲಿ: ಮೊದಲು ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್. 15 ನಿಮಿಷ ಬಿಟ್ಟು ಉಪ್ಪುದ್ರಾವಣ. ಆಮೇಲೆ ಉಸಿರಾಟದ ಚಕ್ರ. ಕಫ ಹೊರಬಂದ ಮೇಲೆ, ಕೊನೆಯಲ್ಲಿ, ನೆಬ್ಯುಲೈಸರ್ ಆಂಟಿಬಯೋಟಿಕ್. ಇದನ್ನು ಮೊದಲೇ ತೆಗೆದುಕೊಂಡರೆ ಮದ್ದು ಕಫದ ಮೇಲೆ ಕುಳಿತು, ಕಫದ ಜೊತೆಯೇ ಹೊರಗೆ ಹೋಗುತ್ತದೆ. ಎರಡು ಮದ್ದುಗಳನ್ನು ಒಂದೇ ಕಪ್‌ಗೆ ಸುರಿಯಬೇಡಿ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ನ ಪುಡಿಯನ್ನು ಕಲಸಿದ ಕೂಡಲೇ ಬಳಸಿ, ಮುಂಚೆಯೇ ಕಲಸಿಡಬೇಡಿ.

ಸ್ವಚ್ಛತೆ ತಪ್ಪಿದರೆ ನೆಬ್ಯುಲೈಸರೇ ಸೋಂಕಿನ ಮೂಲವಾಗುತ್ತದೆ. ಸೂಡೊಮೊನಾಸ್‌ಗೆ ತೇವವೆಂದರೆ ಬಲು ಇಷ್ಟ. ಪ್ರತಿ ಸಲ ಬಳಸಿದ ಮೇಲೆ ಕಪ್ ಮತ್ತು ಮೌತ್‌ಪೀಸ್ ಬಿಡಿಸಿ ಸೋಪುನೀರಿನಲ್ಲಿ ತೊಳೆಯಿರಿ. ತಯಾರಕರ ಕೈಪಿಡಿ ಒಪ್ಪುವ ಭಾಗಗಳನ್ನು ದಿನಕ್ಕೊಮ್ಮೆ 5 ನಿಮಿಷ ಕುದಿಸಿ. ವಿನೆಗರ್ ಸಾಲದು. ತೊಳೆದ ಭಾಗಗಳನ್ನು ಹಸಿಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಬೇಡಿ. ಶುಭ್ರ ಬಟ್ಟೆಯ ಮೇಲೆ ಪೂರ್ತಿ ಒಣಗಲಿ.

ದೀರ್ಘಕಾಲದ ಆಂಟಿಬಯೋಟಿಕ್ ಯಾರಿಗೆ?

ಕಫ ತೆಗೆಯುವ ಕ್ರಮ ಸರಿಯಾಗಿ ನಡೆಯುತ್ತಿದ್ದರೂ ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಸೋಂಕು ಉಲ್ಬಣಿಸಿದರೆ ಈ ಪ್ರಶ್ನೆ ಬರುತ್ತದೆ. ಸೂಡೊಮೊನಾಸ್ ಮೊದಲ ಸಲ ಕಂಡಾಗ ಅದನ್ನು ಬುಡಸಮೇತ ಕೀಳುವ ಪ್ರಯತ್ನ ಮಾಡಬೇಕು: ಸಾಮಾನ್ಯವಾಗಿ ಎರಡು ವಾರ ಸಿಪ್ರೊಫ್ಲಾಕ್ಸಸಿನ್ 500-750 ಮಿಗ್ರಾಂ ದಿನಕ್ಕೆರಡು ಸಲ, ಜೊತೆಗೆ ಅಥವಾ ನಂತರ ಸುಮಾರು ಮೂರು ತಿಂಗಳು ನೆಬ್ಯುಲೈಸರ್ ಆಂಟಿಬಯೋಟಿಕ್. ಈ ಅವಕಾಶ ತಪ್ಪಿ ಅದು ಬೇರುಬಿಟ್ಟ ಮೇಲೆ ಹೋಗಲಾಡಿಸುವುದು ಬಹಳ ಕಷ್ಟ. ಆಗ ಗುರಿ ಅದನ್ನು ಹತೋಟಿಯಲ್ಲಿಡುವುದು. ಅದಕ್ಕೆ ಕೊಲಿಸ್ಟಿನ್ 10 ಲಕ್ಷ ಯೂನಿಟ್ ದಿನಕ್ಕೆರಡು ಸಲ, ಅಥವಾ ಟೋಬ್ರಾಮೈಸಿನ್ 300 ಮಿಗ್ರಾಂ ದಿನಕ್ಕೆರಡು ಸಲದಂತೆ 28 ದಿನ ತೆಗೆದುಕೊಂಡು 28 ದಿನ ಬಿಡುವುದು ರೂಢಿ.

ಇನ್ನೊಂದು ದಾರಿ ಅಜಿತ್ರೋಮೈಸಿನ್, ವಾರಕ್ಕೆ ಮೂರು ದಿನ 500 ಮಿಗ್ರಾಂ ಅಥವಾ ದಿನಕ್ಕೆ 250 ಮಿಗ್ರಾಂ. ಇಲ್ಲಿ ಅದು ಉರಿಯೂತವನ್ನೂ ತಗ್ಗಿಸುತ್ತದೆ. ಶುರುಮಾಡುವ ಮೊದಲು ಇಸಿಜಿ, ಯಕೃತ್ತಿನ ಪರೀಕ್ಷೆ, ಜೊತೆಗೆ ಎನ್‌ಟಿಎಂ ಇಲ್ಲವೆಂದು ತೋರಿಸುವ ಎಎಫ್‌ಬಿ ಕಲ್ಚರ್ ಆಗಿರಲೇಬೇಕು. ಎನ್‌ಟಿಎಂ ಇದ್ದು ಅಜಿತ್ರೋಮೈಸಿನ್ ಒಂದನ್ನೇ ಕೊಟ್ಟರೆ ಅದಕ್ಕೆ ಪ್ರತಿರೋಧ ಬೆಳೆದು, ಇರುವ ಅತ್ಯುತ್ತಮ ಅಸ್ತ್ರವೇ ಮೊಂಡಾಗುತ್ತದೆ. ಎನ್‌ಟಿಎಂಗೆ ಚಿಕಿತ್ಸೆ ಬೇಕೆಂದಾದಾಗ ಕೊಡುವುದು ಮೂರು ಮದ್ದುಗಳನ್ನು ಒಟ್ಟಾಗಿ, ಕಲ್ಚರ್ ನೆಗೆಟಿವ್ ಆದ ಮೇಲೂ 12 ತಿಂಗಳು. ಅಜಿತ್ರೋಮೈಸಿನ್ ತೆಗೆದುಕೊಳ್ಳುವಾಗ ಕಿವಿಯಲ್ಲಿ ಮೊರೆತ ಶುರುವಾದರೆ ಅಥವಾ ಕೇಳಿಸುವುದು ಮಂದವಾದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಉಲ್ಬಣಿಸಿದಾಗ

ಚೆನ್ನಾಗಿರುವ ದಿನಗಳಲ್ಲೇ ಒಂದು ವಾರ ಕಫದ ಅಳತೆ, ಬಣ್ಣ ಬರೆದಿಡಿ. ತಿಳಿ, ತಿಳಿಹಳದಿ, ಹಸಿರು, ಹೀಗೆ. ಕೆಲವರಿಗೆ ಹಳದಿಯೇ ಮಾಮೂಲು, ಅವರಿಗೆ ಹಳದಿ ಕಂಡ ಮಾತ್ರಕ್ಕೆ ಆಂಟಿಬಯೋಟಿಕ್ ಬೇಡ. ಕೆಮ್ಮು, ಕಫದ ಪ್ರಮಾಣ ಅಥವಾ ಗಟ್ಟಿತನ, ಬಣ್ಣ, ಏದುಸಿರು, ಸುಸ್ತು, ಕಫದಲ್ಲಿ ರಕ್ತ: ಇವುಗಳಲ್ಲಿ ಮೂರಾದರೂ 48 ಗಂಟೆ ಕಾಲ ಮಾಮೂಲಿಗಿಂತ ಹೆಚ್ಚಿದ್ದರೆ ಅದು ಉಲ್ಬಣ.

ಮೊದಲು ಸ್ಯಾಂಪಲ್ ಕೊಡಿ. ನಂತರ, ಫಲಿತಾಂಶಕ್ಕೆ ಕಾಯದೆ, ಹಿಂದಿನ ಕಲ್ಚರ್ ನೋಡಿ ವೈದ್ಯರು ಹೇಳಿದ ಮದ್ದನ್ನು ಶುರುಮಾಡಿ. ಅವಧಿ ಸಾಮಾನ್ಯವಾಗಿ 14 ದಿನ. ಐದನೆಯ ದಿನ ಹಾಯೆನಿಸಿತೆಂದು ನಿಲ್ಲಿಸಿದರೆ ಸೋಂಕು ಮರಳಬಹುದು. ಸಿಪ್ರೊಫ್ಲಾಕ್ಸಸಿನ್ ಆದರೆ ಹಾಲು, ಆಂಟಾಸಿಡ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಗಳ ಜೊತೆ ಬೇಡ, ಅವು ಮದ್ದನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಆಂಟಾಸಿಡ್, ಪೂರಕ ಗುಳಿಗೆಗಳಿಗೆ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ನುಂಗಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯತೊಡಗಿದರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ಕರೆ ಮಾಡಿ. ಈ ದಿನಗಳಲ್ಲಿ ಕಫ ತೆಗೆಯುವುದು ಎರಡರ ಬದಲು ಮೂರು ನಾಲ್ಕು ಸಲ ಆಗಲಿ. ವಾಕ್ಯ ಪೂರ್ತಿ ಮಾಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಮನೆಯಲ್ಲಿ ಕಾಯಬೇಡಿ.

ಕಫದಲ್ಲಿ ರಕ್ತದ ಎಳೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಅವರು ಹೇಳುವವರೆಗೆ ಉಪ್ಪುದ್ರಾವಣ, ಹಫ್ ಎರಡನ್ನೂ ನಿಲ್ಲಿಸಿ. ಬರೀ ರಕ್ತವೇ ಬರುತ್ತಿದ್ದರೆ, ಚಮಚ ಚಮಚದಷ್ಟಿದ್ದರೂ ಸರಿ, ತುರ್ತು ವಾಹನ ಕರೆಸಿ. ರಕ್ತ ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಿದ್ದರೆ ಆ ಮಗ್ಗುಲನ್ನು ಕೆಳಗೆ ಮಾಡಿ ಮಲಗಿ, ಇನ್ನೊಂದು ಶ್ವಾಸಕೋಶಕ್ಕೆ ರಕ್ತ ಇಳಿಯದಿರಲಿ. ಗೊತ್ತಿಲ್ಲದಿದ್ದರೆ ನೆಟ್ಟಗೆ ಕುಳಿತುಕೊಳ್ಳಿ. ಆಸ್ಪಿರಿನ್ ಅಥವಾ ರಕ್ತ ತೆಳುಗೊಳಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಬಂದವರಿಗೆ ಮೊದಲು ಹೇಳಬೇಕಾದ ಮಾತು ಅದೇ.