ಇನಾಮಿನ ಆಸೆಗೆ ಬಂದ ದೂತ

ನಮ್ಮ ಹವ್ಯಾಸಿ ತಂಡಕ್ಕೆ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ಈಡಿಪಸ್’ (ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾದ ದೊರೆಯ ಕಥೆ) ಆಡಿಸಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಪರೀಕ್ಷೆಗೆ ಉರು ಹೊಡೆದ ಅರಿಸ್ಟಾಟಲ್. ನಾಯಕನನ್ನು ಬೀಳಿಸುತ್ತದೆ ಅಂತ ಅವನು ಹೇಳುವ ಹಮಾರ್ಶಿಯಾ ಅಂದರೆ ನಾಯಕನ ದುರ್ಗುಣ, ಈಡಿಪಸ್‌ನದು ಸೊಕ್ಕು. ಸರಿ, ನಮ್ಮ ಈಡಿಪಸ್ ಮೊದಲ ದೃಶ್ಯದಿಂದಲೇ ಅಬ್ಬರಿಸತೊಡಗಿದ. ಎರಡು ವಾರ ಕಳೆದ ಮೇಲೆ ಮೇಳದ ಹುಡುಗಿಯೊಬ್ಬಳು, “ಇವನಿಗೆ ಹಾಗೇ ಆಗ್ಬೇಕು ಬಿಡಿ ಸಾರ್” ಅಂದಳು. ದುರಂತ ನಾಟಕ ನೋಡುವವರಲ್ಲಿ ಮರುಕ ಹುಟ್ಟಿಸಬೇಕು ಅನ್ನುತ್ತಾನೆ ಅರಿಸ್ಟಾಟಲ್; ಅಲ್ಲಿಗೆ ಆ ಮರುಕದ ಕಥೆ ಮುಗೀತು.

ಮನೆಗೆ ಬಂದು ಅರಿಸ್ಟಾಟಲ್‌ನ ಪುಸ್ತಕ ‘ಪೊಯೆಟಿಕ್ಸ್’ ಮತ್ತೆ ತೆಗೆದೆ. ಹಮಾರ್ಶಿಯಾ ಅನ್ನುವುದು ಗುರಿ ತಪ್ಪುವುದಕ್ಕೂ ಗ್ರೀಕರು ಆಡುತ್ತಿದ್ದ ಮಾತು. ಪಂಡಿತರ ಜಗಳ ಏನೇ ಇರಲಿ, ರಿಹರ್ಸಲ್‌ಗೆ ನನಗೆ ಬೇಕಿದ್ದದ್ದು ಈ ಅರ್ಥವೇ. ಈಡಿಪಸ್ ಕೆಟ್ಟವನಲ್ಲ, ತಾನು ಯಾರ ಮಗ ಅಂತ ಗೊತ್ತಿಲ್ಲದವನು.

11ನೇ ಅಧ್ಯಾಯದಲ್ಲಿ ಅರಿಸ್ಟಾಟಲ್ ಕಥೆ ಇದ್ದಕ್ಕಿದ್ದಂತೆ ತಲೆಕೆಳಗಾಗುವುದಕ್ಕೆ ಉದಾಹರಣೆ ಕೊಡುವುದು ಈಡಿಪಸ್ ಬೆಳೆದ ಊರು ಕೊರಿಂತ್‌ನಿಂದ ಬರುವ ದೂತನನ್ನು. ನಮ್ಮ ದೂತ ಸಾವಿನ ಮನೆಗೆ ಬಂದವನ ಹಾಗೆ ಮುಖ ಇಳಿಸಿಕೊಂಡೇ ಬರುತ್ತಿದ್ದ. ಕೊನೆ ಏನಾಗುತ್ತದೆ ಅಂತ ಅವನಿಗೆ ಗೊತ್ತಲ್ವಾ! ಆದರೆ ನಾಟಕದಲ್ಲೇ ಅವನು ಬಾಯಿಬಿಟ್ಟು ಹೇಳುತ್ತಾನೆ: ನೀವು ಊರಿಗೆ ಮರಳಿದರೆ ನನಗೂ ಏನಾದರೂ ಸಿಕ್ಕೀತು ಅಂತ ಬಂದೆ. “ಇನಾಮಿಗೆ ಬಂದವನ ಹಾಗೆ ಬಾರಯ್ಯ” ಅಂದೆ. ಹಲ್ಲು ಕಿರಿಯುತ್ತಾ ಬಂದ. ನಿಮ್ಮ ತಂದೆ ಪಾಲಿಬಸ್ ದೊರೆ ತೀರಿಕೊಂಡರು, ಇನ್ನು ರಾಜ್ಯ ನಿಮ್ಮದು ಅಂದ. ತಾಯಿಯನ್ನೇ ಮದುವೆಯಾಗುತ್ತೀಯ ಅಂದಿದ್ದ ದೈವವಾಣಿಯ ಭಯ ಈಡಿಪಸ್‌ಗೆ ಇನ್ನೂ ಹೋಗಿರಲಿಲ್ಲ. ಅದನ್ನೂ ಬಿಡಿಸೋಣ ಅಂತ, ಅವರು ನಿಮ್ಮ ಹೆತ್ತವರೇ ಅಲ್ಲ, ಕಾಲು ಚುಚ್ಚಿದ್ದ ಕೂಸನ್ನು ಅವರಿಗೆ ಕೊಟ್ಟವನು ನಾನೇ ಅಂದ. ಉಪಕಾರ ಮಾಡಿದ ಖುಷಿ ಮುಖದ ತುಂಬಾ.

ಆಗ ಈಡಿಪಸ್‌ನ ಹೆಂಡತಿ ಯೊಕಾಸ್ಟಾ ಪಕ್ಕದಲ್ಲೇ ನಿಂತಿರುತ್ತಾಳೆ, ಮಾತಿಲ್ಲ. ಇವನು ತನ್ನ ಮಗನೇ ಅಂತ ಗಂಡನಿಗಿಂತ ಮೊದಲು ತಿಳಿಯುವುದು ಅವಳಿಗೆ. ಪಾತ್ರ ಮಾಡಿದವಳು ಮೊದಲು ಎದೆ ಹಿಡಿದುಕೊಳ್ಳುತ್ತಿದ್ದಳು. ಬೇಡ, ಸುಮ್ನೆ ನಿಲ್ಲಿ ಅಂದೆ. ನಿಂತಳು. ಸೆರಗಿನ ತುದಿ ಹಿಡಿದಿದ್ದ ಬೆರಳು ಮಾತ್ರ ನಿಧಾನಕ್ಕೆ ಸಡಿಲವಾಯಿತು. ‘ಹಾಗೇ ಆಗ್ಬೇಕು’ ಅಂದಿದ್ದ ಹುಡುಗಿ ತನ್ನ ಸಾಲು ಮರೆತಳು.

ಕೊನೆಗೆ ಈಡಿಪಸ್ ತನ್ನ ಕಣ್ಣು ಚುಚ್ಚಿಕೊಳ್ಳುವುದಕ್ಕೆ ಅಂತ ಬಾಡಿಗೆಗೆ ಗೊತ್ತುಮಾಡಿದ್ದ ಕೆಂಪು ಲೈಟು ಬೇಡವೆಂದು ಮಾರನೇ ದಿನ ಫೋನ್ ಮಾಡಿದೆ. ಆ ಸುದ್ದಿಯನ್ನು ಅರಮನೆಯ ಆಳು ಹೊರಗೆ ಬಂದು ಹೇಳುತ್ತಾನಲ್ಲ, ಅಷ್ಟು ಸಾಕಿತ್ತು. ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ.