ಗ್ರಹಣ ತೋರಿಸುವ ಮುನ್ನ ಪಂಚಾಂಗ ತೆರೆಯಿರಿ

ಮಡಿ, ಆಚರಣೆ ಇರುವವರಿಗೆ ಸೂರ್ಯಗ್ರಹಣ ವಿವರಿಸುವಾಗ ನಾನು ರಾಹು-ಕೇತುಗಳ ತಂಟೆಗೇ ಹೋಗುವುದಿಲ್ಲ. ಅವರ ಮನೆಯ ಪಂಚಾಂಗದಿಂದಲೇ ಶುರು. ಸ್ಪರ್ಶ (ಹಿಡಿಯುವ ಹೊತ್ತು), ಮಧ್ಯ, ಮೋಕ್ಷ (ಬಿಡುವ ಹೊತ್ತು) ಕಾಲಗಳನ್ನು ಹಿರಿಯರಿಂದಲೇ ಓದಿಸಿ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಇಷ್ಟು ಮುಂಚೆ ನಿಮಿಷ ಸಮೇತ ಹೇಗೆ ಬರೆದಿಟ್ಟರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಆರ್ಯಭಟ ಬರಬಹುದು: ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು 499ರ ಆರ್ಯಭಟೀಯದ ಗೋಲಪಾದ ಎಂಬ ಭಾಗದಲ್ಲೇ ಇದೆ. ಅಲ್ಲಿಗೇ ನಿಲ್ಲಿಸಿ. 'ನಮ್ಮವರಿಗೆ ಎಲ್ಲವೂ ಗೊತ್ತಿತ್ತು' ಎಂಬ ದಾರಿಗೆ ಮಾತು ಹೊರಳಿದರೆ ಗ್ರಹಣ ಮುಗಿದರೂ ಅದು ಮುಗಿಯುವುದಿಲ್ಲ.

ಸಮಯವನ್ನು ಮೊದಲೇ ತಾಳೆ ನೋಡಿಕೊಳ್ಳಿ. ಹಳೆಯ ಸೂತ್ರಗಳ ಲೆಕ್ಕದ ವಾಕ್ಯ ಪಂಚಾಂಗಕ್ಕೂ ಆಕಾಶದ ವೀಕ್ಷಣೆಗೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ವ್ಯತ್ಯಾಸ ಬರಬಹುದು, ಊರು ಬದಲಾದರೂ ಬದಲಾಗುತ್ತದೆ. ಸ್ಪರ್ಶವಾದ ಕ್ಷಣವೇ ಕಣ್ಣಿಗೆ ಏನೂ ಕಾಣದು, ಒಂದೆರಡು ನಿಮಿಷ ಬೇಕು. ಇದನ್ನು ಮುಂಚೆ ಹೇಳದಿದ್ದರೆ 'ನಿಮ್ಮ ಲೆಕ್ಕ ತಪ್ಪಿತು' ಅನ್ನುತ್ತಾರೆ.

ಹೊರಗೆ ಬನ್ನಿ ಎಂದು ಕರೆಯುವ ಬದಲು ನಾನು ಗ್ರಹಣವನ್ನೇ ನಡುಮನೆಗೆ ತರುತ್ತೇನೆ. ಚಿಕ್ಕ ಕನ್ನಡಿಗೆ ದಪ್ಪ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್ ಅಗಲದ ತೂತು ಬಿಡಬೇಕು. ಅಂಗಳದಲ್ಲಿ ಮರಳಿನ ಚೀಲದ ಮೇಲೆ ಕನ್ನಡಿ ಕೂರಿಸಿ, ಬಾಗಿಲಿನ ಮೂಲಕ ಒಳಗಿನ ಬಿಳಿ ಗೋಡೆಗೆ ಬೆಳಕು ಹಾಯಿಸಿದರೆ, ಹತ್ತು ಮೀಟರ್ ದೂರದಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯಬಿಂಬ ಬೀಳುತ್ತದೆ. ಗೋಡೆ ತೀರ ಹತ್ತಿರವಿದ್ದರೆ ಕಾಣುವುದು ತೂತಿನ ಆಕಾರವೇ ಹೊರತು ಸೂರ್ಯನದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಬಿಂಬ ನಿಮಿಷಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್ ಸರಿಯುತ್ತದೆ, ಆದ್ದರಿಂದ ಕನ್ನಡಿಯ ಹತ್ತಿರ ಒಬ್ಬರು ಇರಲೇಬೇಕು. ಮಕ್ಕಳು ಆ ಕನ್ನಡಿಯೊಳಗೆ ಇಣುಕದಂತೆ ತಡೆಯುವುದೂ ಅವರದೇ ಕೆಲಸ. ಹೊರಗೆ ಬರುವವರಿಗೆ ಬೂಂದಿ ಜಾಲರಿ ಕೊಡಿ. ಎದೆಯೆತ್ತರಕ್ಕೆ ಹಿಡಿದರೆ ನೆಲದ ಮೇಲೆ ಸಾಲು ಸಾಲು ಕುಡುಗೋಲಿನಂಥ ಸೂರ್ಯರು.

ಸೂರ್ಯನನ್ನು ನೋಡಲು ಸಗಣಿ ನೀರು, ಅರಿಶಿನ ನೀರು, ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಯಾವುದೂ ಬೇಡ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಸುಟ್ಟ ಮೇಲಷ್ಟೇ ತಿಳಿಯುತ್ತದೆ. ನೇರವಾಗಿ ನೋಡಲೇಬೇಕೆಂದರೆ ಐಎಸ್‌ಒ 12312-2 (ಸೂರ್ಯನನ್ನು ನೋಡುವ ಕನ್ನಡಕದ ಅಂತರರಾಷ್ಟ್ರೀಯ ಮಾನದಂಡ) ಗುರುತಿನ ಕನ್ನಡಕ, ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು. ಕನ್ನಡಕದಲ್ಲಿ ಸಣ್ಣ ಗೀರಿದ್ದರೂ ಎಸೆಯಿರಿ.

ಒನಕೆಯ ವಿಷಯ ನಾಜೂಕು. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎನ್ನುವ ಅಜ್ಜಿಯ ಮುಂದೆ ನಗಬೇಡಿ. ಚಪ್ಪಟೆ ತಳವಿದ್ದು ನೇರವಾಗಿ ಹಿಡಿದುಬಿಟ್ಟರೆ ಅದು ಯಾವ ದಿನವೂ ನಿಲ್ಲುತ್ತದೆ. ಆದರೆ ಇದನ್ನು ನೀವು ಮಾಡಿ ತೋರಿಸಿದರೆ ಸೋಲಿಸಿದಂತಾಗುತ್ತದೆ. ವಾರ ಬಿಟ್ಟು, ಅದೇ ಅಜ್ಜಿಯ ಕೈಯಲ್ಲೇ, ಅದೇ ತಟ್ಟೆಯಲ್ಲಿ ನಿಲ್ಲಿಸಿ ನೋಡಲು ಹೇಳಿ.

ಸ್ನಾನ, ಜಪ, ದರ್ಭೆ ಇವುಗಳಿಂದ ಯಾರಿಗೂ ತೊಂದರೆಯಿಲ್ಲ, ನಾನು ಮುಟ್ಟುವುದಿಲ್ಲ. ಗ್ರಹಣದ ಹೊತ್ತಿಗೇ ಬೀದಿಯಲ್ಲಿ ನಿಂತು ತಿಂಡಿ ತಿನ್ನುವ ಪ್ರದರ್ಶನ ಈಗಾಗಲೇ ಒಪ್ಪಿದವರಿಗೆ ಖುಷಿ ಕೊಡುತ್ತದೆ, ಅಷ್ಟೆ. ನನ್ನ ಹಟವೆಲ್ಲ ಗರ್ಭಿಣಿಯರ, ಸಕ್ಕರೆ ಕಾಯಿಲೆಯವರ ಊಟ-ನೀರಿನ ಬಗ್ಗೆ. ಸೂರ್ಯಗ್ರಹಣದ ವೇಧ, ಅಂದರೆ ಗ್ರಹಣಕ್ಕೆ ಮುಂಚೆ ಊಟ ಬಿಡುವ ಹೊತ್ತು, ನಾಲ್ಕು ಯಾಮ, ಅಂದರೆ 12 ಗಂಟೆ. ಇನ್ಸುಲಿನ್ ತೆಗೆದುಕೊಳ್ಳುವವರು ಅಷ್ಟು ಹೊತ್ತು ಹಸಿದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಾಲ, ವೃದ್ಧ, ಆತುರರಿಗೆ (ಮಕ್ಕಳು, ಮುದುಕರು, ಕಾಯಿಲೆಯವರಿಗೆ) ಶಾಸ್ತ್ರದಲ್ಲೇ ರಿಯಾಯಿತಿ ಇದೆ. ಆ ಸಾಲನ್ನು ಪುರೋಹಿತರ ಬಾಯಲ್ಲಿ ಹೇಳಿಸಿದರೆ ನನ್ನ ಉಪನ್ಯಾಸಕ್ಕಿಂತ ಬೇಗ ತಟ್ಟೆ ಮುಂದೆ ಬರುತ್ತದೆ. ಬಸುರಿಗೆ ಗ್ರಹಣ ತಾಗಿದರೆ ಮಗುವಿಗೆ ಸೀಳುತುಟಿ ಬರುತ್ತದೆ ಎಂಬ ಭಯಕ್ಕೆ ಉತ್ತರ ಬೇರೆ: ತುಟಿ ರೂಪುಗೊಳ್ಳುವುದು ಗರ್ಭದ 4ರಿಂದ 7ನೇ ವಾರದೊಳಗೆ. ಏಳು ತಿಂಗಳ ಬಸುರಿಗೆ ಈ ಒಂದು ಮಾತು ಸಾಕು. ಇದನ್ನು ಆಶಾ ಕಾರ್ಯಕರ್ತೆ ಹೇಳಿದರೆ ಇನ್ನೂ ಒಳ್ಳೆಯದು.

ಎಲ್ಲ ಕಡೆ ನಯವೇ ಸಾಲದು. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಅಂಥದ್ದು ಕಿವಿಗೆ ಬಿದ್ದರೆ ಮೊದಲು ತಾಲ್ಲೂಕು ಆಡಳಿತಕ್ಕೆ ತಿಳಿಸಬೇಕು, ವಿವರಣೆ ಆಮೇಲೆ.

2027ರ ಆಗಸ್ಟ್ 2ರ ಗ್ರಹಣ ನಮಗೆ ಪಾರ್ಶ್ವವಾಗಿ ಕಾಣಬೇಕು, ಆದರೆ ಅದು ಮಳೆಗಾಲ. ಮೋಡ ಕವಿದರೆ ಕನ್ನಡಿ ಕೆಲಸಕ್ಕೆ ಬಾರದು. ಸೂರ್ಯ, ಭೂಮಿ, ಚಂದ್ರ ಮಾಡಿ ತೋರಿಸಲು ಬಲ್ಬು, ಚೆಂಡು, ಒಂದು ಕಾಳುಮೆಣಸು ಜೊತೆಗಿರಲಿ.