ಯಾವ ಮಗು ಯಾರ ಹೊಣೆ: ನಮ್ಮ ಭಾಗದ ಶಾಲೆಗಳಲ್ಲಿ ಮಕ್ಕಳ ಕ್ಷೇಮಪಾಲನೆ ನಡೆಸುವ ಬಗೆ

ಶಾಲೆಯಲ್ಲಿ ಮಕ್ಕಳ ಕ್ಷೇಮಪಾಲನೆ ಎಂದೊಡನೆ ಆಪ್ತಸಮಾಲೋಚಕರ ಕೊಠಡಿ, ಗೋಡೆಗೆ ಹೊಡೆದ ಸಲಹಾ ಪೆಟ್ಟಿಗೆ, ವರ್ಷಕ್ಕೊಮ್ಮೆ ನಡೆಯುವ ಜಾಗೃತಿ ಕಾರ್ಯಕ್ರಮ ಇವೇ ನೆನಪಿಗೆ ಬರುತ್ತವೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಯ ಶಾಲೆಗಳಲ್ಲಿ ಅಂಥ ಕೊಠಡಿಯನ್ನೂ ಸಮಾಲೋಚಕರನ್ನೂ ಕಾಯುತ್ತ ಕೂತರೆ ಒಂದು ತಲೆಮಾರಿನ ಮಕ್ಕಳು ಶಾಲೆ ದಾಟಿ ಹೋಗುತ್ತಾರೆ. ತಜ್ಞರಿಲ್ಲದೆಯೂ ಮೊದಲ ಹಂತದ ಆರೈಕೆ ಸಾಧ್ಯವೆಂಬುದನ್ನು ತೋರಿಸಿಕೊಟ್ಟದ್ದು ನಮ್ಮದೇ ಸೀಮೆ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ತೊಂದರೆಯನ್ನು ಊರಿನಲ್ಲೇ ಗುರುತಿಸಿ ನೋಡಿಕೊಳ್ಳುವ ಪ್ರಯೋಗ ನಡೆಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿಯಾಯಿತು. ಶಿಕ್ಷಕರಿಂದ ಇಲ್ಲಿ ನಿರೀಕ್ಷಿಸುವುದೂ ಅಷ್ಟೇ. ಅವರು ಚಿಕಿತ್ಸೆ ಕೊಡಬೇಕಾಗಿಲ್ಲ, ಮಗುವಿನಲ್ಲಾದ ಬದಲಾವಣೆಯನ್ನು ಬೇಗ ಕಂಡು ಸರಿಯಾದ ಕೈಗೆ ದಾಟಿಸಿದರೆ ಸಾಕು.

ಮೊದಲು ಮಕ್ಕಳನ್ನು ಹಂಚಿಕೊಳ್ಳಿ

ಜೂನ್ ತಿಂಗಳ ಮೊದಲ ಶಿಕ್ಷಕರ ಸಭೆಯಲ್ಲಿಯೇ ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಒಬ್ಬ ಶಿಕ್ಷಕರ ಹೆಸರು ಬರೆಯಬೇಕು. ಎಲ್ಲ ಮಕ್ಕಳನ್ನೂ ಎಲ್ಲರೂ ನೋಡಿಕೊಳ್ಳುತ್ತೇವೆ ಎಂಬ ಮಾತು ಕೇಳಲು ಚೆನ್ನ, ಆದರೆ ಆಚರಣೆಯಲ್ಲಿ ಯಾವ ಮಗುವನ್ನೂ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬೊಬ್ಬರಿಗೆ ಇಪ್ಪತ್ತೈದು ಮೂವತ್ತು ಮಕ್ಕಳಿಗಿಂತ ಹೆಚ್ಚಾಗದಿದ್ದರೆ ಒಳ್ಳೆಯದು. ತರಗತಿಯ ಪ್ರಕಾರ ಹಂಚುವುದಕ್ಕಿಂತ ಮನೆಯ ಪ್ರಕಾರ ಹಂಚುವುದು ಮೇಲು. ಒಂದೇ ಮನೆಯ ಅಕ್ಕ ತಮ್ಮಂದಿರು ಒಬ್ಬರೇ ಶಿಕ್ಷಕರ ಪಟ್ಟಿಯಲ್ಲಿದ್ದರೆ ಆ ಮನೆಗೆ ಒಬ್ಬರೇ ಹೋಗಿ ಬಂದರೆ ಸಾಕಾಗುತ್ತದೆ ಮತ್ತು ಮನೆಯವರಿಗೂ ಮುಖ ಪರಿಚಯವಿರುತ್ತದೆ. ಆರನೆಯ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೇ ಇರಲಿ. ಶಿಕ್ಷಕಿಯರಿಲ್ಲದ ಶಾಲೆಯಲ್ಲಿ ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ವಾರಕ್ಕೊಮ್ಮೆ ಬರುವಂತೆ ಕೇಳಿಕೊಳ್ಳಬಹುದು. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಮಾತನಾಡುವ ಮಕ್ಕಳಿಗೂ, ಉರ್ದು ಅಥವಾ ತೆಲುಗು ಮನೆಮಾತಿನ ಮಕ್ಕಳಿಗೂ ಆ ಭಾಷೆ ತಿಳಿದ ಶಿಕ್ಷಕರಿದ್ದರೆ ಅವರನ್ನೇ ನೇಮಿಸಬೇಕು, ಏಕೆಂದರೆ ಸಂಕಟದಲ್ಲಿರುವ ಮಗು ಪಾಠದ ಭಾಷೆಯಲ್ಲಿ ಅಳುವುದಿಲ್ಲ.

ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಎಲ್ಲ ಶಿಕ್ಷಕರೂ ಕೂತು, ಆ ವಾರ ಯಾವ ಮಗುವಿನ ನಡೆ ಬದಲಾಗಿದೆ ಎಂಬುದೊಂದನ್ನೇ ಮಾತನಾಡಬೇಕು. ಊಟದ ಲೆಕ್ಕ, ದಾಖಲಾತಿ, ಇಲಾಖೆಯ ಸುತ್ತೋಲೆಗಳು ಆ ಇಪ್ಪತ್ತು ನಿಮಿಷದೊಳಗೆ ನುಸುಳದಂತೆ ನೋಡಿಕೊಳ್ಳುವುದು ಮುಖ್ಯ ಶಿಕ್ಷಕರ ಕೆಲಸ. ಅದೇ ಕಷ್ಟದ ಕೆಲಸವೂ ಹೌದು. ಬಿಸಿಯೂಟದ ಅಡುಗೆಯವರ ಮಾತನ್ನೂ ಆ ಸಭೆಗೆ ತರಬೇಕು. ಯಾವ ಮಗು ತಟ್ಟೆ ಹಾಗೆಯೇ ಬಿಟ್ಟಿತು, ಯಾವ ಮಗು ಸೋಮವಾರ ಎರಡು ಪಟ್ಟು ಉಂಡಿತು ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಹಾಜರಿ ಪುಸ್ತಕವನ್ನು ಓದುವುದು

ಹಾಜರಿಯನ್ನು ದಿನವೂ ಹಾಕುತ್ತೇವೆ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ಗೆ ತುಂಬುತ್ತೇವೆ, ಆದರೆ ಅದನ್ನು ಓದುವವರು ಕಡಿಮೆ. ಪ್ರತಿ ಮಗುವಿನ ಗೈರುಹಾಜರಿಗೆ ಒಂದು ಲಯವಿರುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ದಸರೆಯ ನಂತರ ಹತ್ತಿ ಬಿಡಿಸುವ ಕಾಲಕ್ಕೆ ದೊಡ್ಡ ತರಗತಿಗಳು ಖಾಲಿಯಾಗುತ್ತವೆ. ಸಿಂಧನೂರು, ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿಗೆ ತಾಯಂದಿರು ಹೋದಾಗ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಇವು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಗಮನಿಸಬೇಕಾದದ್ದು ಈ ಲಯಕ್ಕೆ ಹೊಂದದ ಗೈರುಹಾಜರಿಯನ್ನು: ಪ್ರತಿ ತಿಂಗಳೂ ಮೂರ್ನಾಲ್ಕು ದಿನ ತಪ್ಪಿಸುವ ಹುಡುಗಿಗೆ ಬಹುಶಃ ಶೌಚಾಲಯದಲ್ಲಿ ನೀರಿಲ್ಲ ಅಥವಾ ಪ್ಯಾಡ್ ಇಲ್ಲ, ಒಂದು ನಿರ್ದಿಷ್ಟ ಪಾಠದ ದಿನ ಮಾತ್ರ ತಪ್ಪಿಸುವ ಹುಡುಗನಿಗೆ ಆ ಶಿಕ್ಷಕರ ಭಯವಿರಬಹುದು, ಇದುವರೆಗೆ ಒಂದು ದಿನವೂ ತಪ್ಪಿಸದ ಒಂಬತ್ತನೆಯ ತರಗತಿಯ ಹುಡುಗಿ ಜಾತ್ರೆಯ ನಂತರ ಬರದೇ ಹೋದರೆ ಮದುವೆಯ ಮಾತುಕತೆ ನಡೆದಿರಬಹುದು.

ಮೂರು ದಿನ ಕಾಣದಿದ್ದರೆ ಫೋನ್ ಮಾಡುವುದು, ಐದನೆಯ ದಿನ ಮನೆಗೆ ಹೋಗುವುದು ಎಂದು ನಿಯಮವಿಟ್ಟುಕೊಳ್ಳಿ. ಹೊಲದಿಂದ ಜನ ಮರಳುವುದು ಹೊತ್ತು ಮುಳುಗಿದ ಮೇಲಾದ್ದರಿಂದ ಹಗಲು ಮಾಡಿದ ಕರೆ ವ್ಯರ್ಥ. ಮೊದಲ ಮಾತು ತನಿಖೆಯ ಧಾಟಿಯಲ್ಲಿರಬಾರದು. “ಯಾಕ ಕಳಿಸಿಲ್ಲ?” ಎಂದರೆ ಸಿಗುವ ಉತ್ತರ ಜ್ವರ ಎಂಬುದು, “ಯವ್ವಾ, ಹುಡುಗಿ ಆರಾಮ ಅದಾಳೇನು? ನಾಕು ದಿನ ಆತು, ಕಣ್ಣಿಗೆ ಬಿದ್ದಿಲ್ಲ” ಎಂದರೆ ನಿಜವಾದ ಕಾರಣ ಹೊರಬೀಳುವ ಸಾಧ್ಯತೆ ಹೆಚ್ಚು.

ಗುಳೆ ಹೋಗುವ ಮನೆಗಳು

ಕುಷ್ಟಗಿ, ಯಲಬುರ್ಗಾದಂಥ ಮಳೆಯನ್ನೇ ನಂಬಿದ ತಾಲ್ಲೂಕುಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರು, ಗೋವಾ ಎಂದು ಹೊರಡುತ್ತವೆ. ಕ್ಷೇಮಪಾಲನೆಯ ದೃಷ್ಟಿಯಿಂದ ಜೊತೆಗೆ ಹೋಗುವ ಮಗುವಿಗಿಂತ ಹಿಂದೆ ಉಳಿಯುವ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಹೋದ ಮಗು ತಂದೆತಾಯಿಯರ ಕಣ್ಣಳತೆಯಲ್ಲಿರುತ್ತದೆ, ಉಳಿದ ಮಗುವನ್ನು ಕಣ್ಣು ಮಂಜಾದ ಅಜ್ಜಿಯೊಬ್ಬಳು ನೋಡಿಕೊಳ್ಳುತ್ತಿರುತ್ತಾಳೆ, ಅಥವಾ ಆ ಮಗುವೇ ಅಜ್ಜಿಯನ್ನು ನೋಡಿಕೊಳ್ಳುತ್ತಿರುತ್ತದೆ. ಆದ್ದರಿಂದ ಹೊರಡುವ ಸುಳಿವು ಸಿಕ್ಕೊಡನೆ ಹೊಣೆ ಹೊತ್ತ ಶಿಕ್ಷಕರು ಮನೆಗೆ ಹೋಗಿ, ಯಾವ ಊರಿಗೆ, ಯಾರ ಕೆಳಗೆ ಕೆಲಸಕ್ಕೆ, ಯಾವ ಫೋನ್ ನಂಬರು, ರಾತ್ರಿ ಮಗು ಯಾರ ಮನೆಯಲ್ಲಿ ಮಲಗುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಬರಬೇಕು. ಕೊನೆಯ ಪ್ರಶ್ನೆಯನ್ನು ಕೇಳಲು ಮುಜುಗರವಾದರೂ ಬಿಡಬಾರದು. ಸಮೀಪದಲ್ಲಿ ಋತುಮಾನದ ವಸತಿ ಕೇಂದ್ರವಿದ್ದರೆ, ಅಥವಾ ಹುಡುಗಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಸ್ಥಳ ದೊರೆಯುವಂತಿದ್ದರೆ, ಆ ಮಾತನ್ನೂ ಅಂದೇ ಆಡಬೇಕು. ಮಗು ಜೊತೆಗೆ ಹೋಗುವುದಾದರೆ, ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಊರಿನ ಸರ್ಕಾರಿ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆಯೆಂದು ಪೋಷಕರಿಗೆ ತಿಳಿಸಿ ಕಳುಹಿಸಿ.

ಮನಸ್ಸಿಗೆ ಮೊದಲು ದೇಹ

ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿ ಎನ್ನುವ ಮೊದಲು ಬೆಳಿಗ್ಗೆ ಏನು ತಿಂದು ಬಂದಿದೆ ಎಂದು ಕೇಳಬೇಕು. ರಕ್ತಹೀನತೆ, ದೃಷ್ಟಿದೋಷ, ಕಿವಿ ಸೋರುವುದು ಈ ಮೂರೂ ಶಿಕ್ಷಕರ ಕಣ್ಣಿಗೆ ಅಲಕ್ಷ್ಯವಾಗಿಯೂ ಮೊಂಡುತನವಾಗಿಯೂ ಕಾಣುತ್ತವೆ. ವಾರದ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ಎದುರಿಗೇ ನುಂಗಿಸುವುದು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದ ದಿನ ಅನುಮಾನವಿರುವ ಮಕ್ಕಳ ಪಟ್ಟಿಯನ್ನು ಸಿದ್ಧವಿಟ್ಟುಕೊಳ್ಳುವುದು, ಇಷ್ಟನ್ನು ತಪ್ಪದೆ ಮಾಡಿದರೆ ಎಷ್ಟೋ ‘ಮಾನಸಿಕ’ ಸಮಸ್ಯೆಗಳು ಕರಗಿಹೋಗುತ್ತವೆ. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ನೀರಿನಿಂದ ಹಲ್ಲು ಕಂದಾದ ಮಕ್ಕಳು ಹದಿಹರೆಯಕ್ಕೆ ಬಂದಂತೆ ಬಾಯಿ ಮುಚ್ಚಿ ನಗುವುದನ್ನು, ಪ್ರಶ್ನೆಗೆ ಎದ್ದು ನಿಂತು ಉತ್ತರಿಸಲು ಹಿಂಜರಿಯುವುದನ್ನು ಗಮನಿಸಿ. ಅದು ಅವರ ಕೊಳಕುತನವಲ್ಲ, ನೀರಿನ ದೋಷ ಎಂದು ವಿಜ್ಞಾನದ ಪಾಠದಲ್ಲಿ ಒಮ್ಮೆ ಎಲ್ಲರೆದುರು ವಿವರಿಸಿದರೆ ಅಣಕಿಸುವವರ ಬಾಯಿ ಕಟ್ಟುತ್ತದೆ.

ಮಾತನಾಡಿಸುವ ಕ್ರಮ

ಮಗುವನ್ನು ಮಾತನಾಡಿಸಲು ಎಲ್ಲರ ಕಣ್ಣಿಗೆ ಬೀಳುವ, ಆದರೆ ಯಾರ ಕಿವಿಗೂ ಕೇಳದ ಜಾಗ ಬೇಕು. ಮುಚ್ಚಿದ ಕೊಠಡಿಗಿಂತ ಆವರಣದ ಬೇವಿನ ಮರದ ಕಟ್ಟೆ ಮಗುವಿಗೂ ಶಿಕ್ಷಕರಿಗೂ ಸುರಕ್ಷಿತ. ಎದುರುಬದುರು ಕೂರುವುದಕ್ಕಿಂತ ಪಕ್ಕದಲ್ಲಿ ಕೂತು, ಕೈಗೊಂದು ಸಣ್ಣ ಕೆಲಸ ಕೊಟ್ಟು, ಮೌನವನ್ನು ಸಹಿಸಿಕೊಳ್ಳಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. “ನಿನಗೆ ಅಪಾಯವಾಗುವಂಥದ್ದಿದ್ದರೆ, ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ” ಎಂಬುದು ಉಳಿಸಿಕೊಳ್ಳಬಹುದಾದ ಮಾತು. ಕೇಳಿದ್ದನ್ನು ಶಿಕ್ಷಕರ ಕೊಠಡಿಯಲ್ಲಿ ಚಹಾದ ಜೊತೆ ಹಂಚಿಕೊಂಡರೆ ಆ ಶಾಲೆಯಲ್ಲಿ ಮತ್ತೆ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಕೆಲವು ಪ್ರಶ್ನೆಗಳನ್ನು ತರಗತಿಯ ನಡುವೆ ಕೇಳಲೇಬಾರದು. 1982ರಲ್ಲೇ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬಂದಿದ್ದರೂ ಆ ಪದ್ಧತಿಗೆ ಸಿಕ್ಕಿದ್ದ ತಾಯಂದಿರ ಮಕ್ಕಳು ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರೂ ಜಿಲ್ಲೆಗಳ ಶಾಲೆಗಳಲ್ಲಿದ್ದಾರೆ. ತಂದೆಯ ಹೆಸರೇನು, ಅಪ್ಪ ಏನು ಮಾಡುತ್ತಾನೆ ಎಂದು ಸಾಲಾಗಿ ಎಬ್ಬಿಸಿ ಕೇಳುವ ರೂಢಿ ಅವರಿಗೆ ಪ್ರತಿ ವರ್ಷದ ಶಿಕ್ಷೆ. ಅರ್ಜಿ ತುಂಬುವುದಿದ್ದರೆ ತಾಯಿಯನ್ನು ಕರೆಸಿ ಒಬ್ಬರೇ ಕೂತು ತುಂಬಿಸಿ. ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ಜಾತಿಯ ಹೆಸರು ಹಿಡಿದು ಕರೆಯುವುದನ್ನೂ ಬಿಡಿ. ಬೆತ್ತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ, ಹೊಡೆಯುವ ಕೈಗೆ ಮಗು ತನ್ನ ಗುಟ್ಟನ್ನು ಒಪ್ಪಿಸುವುದಿಲ್ಲ.

ಶಿಕ್ಷಕರ ಕೈ ಮೀರಿದ ಸಂಗತಿಗಳು

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಶಾಲೆಯೊಳಗೆ ವಿಚಾರಣೆ ನಡೆಸುವುದು, ಎರಡೂ ಕಡೆಯ ಹಿರಿಯರನ್ನು ಕರೆಸಿ ಪಂಚಾಯಿತಿ ಮಾಡುವುದು, ಶಾಲೆಯ ಮರ್ಯಾದೆಯ ಮಾತೆತ್ತುವುದು ಯಾವುದಕ್ಕೂ ಅವಕಾಶವಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸಾಕ್ಷ್ಯ ಕಲೆಹಾಕುವುದು ನಮ್ಮ ಕೆಲಸವಲ್ಲ. ಮಗು ಹೇಳಿದ್ದನ್ನು ಅದರದೇ ಮಾತುಗಳಲ್ಲಿ ಅಂದೇ ಬರೆದಿಟ್ಟು, ಮತ್ತೆ ಮತ್ತೆ ಹೇಳಿಸದಿರುವುದಷ್ಟೇ ನಮ್ಮ ಕೆಲಸ. ಮಗುವಿನ ಗುರುತು ಹೊರಬೀಳಬಾರದು. 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ಬಾಲ್ಯವಿವಾಹದ ಸುದ್ದಿಗೂ ಅದೇ ಸಂಖ್ಯೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಫೋನ್ ನಂಬರನ್ನು ಬೇಸಿಗೆಯ ಮದುವೆ ಹಂಗಾಮಿಗೆ ಮುಂಚೆಯೇ ಬರೆದಿಟ್ಟುಕೊಂಡಿರಬೇಕು. ಕರ್ನಾಟಕದ ತಿದ್ದುಪಡಿಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು ಎಂಬುದನ್ನು ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದರೆ, ಗಂಡಿನ ಕಡೆಯವರೇ ಹಿಂದೆ ಸರಿಯುವುದುಂಟು.

ಸಾಯುವ ಮಾತನ್ನು ಮಗು ತಮಾಷೆಗೆ ಆಡಿದರೂ ತಮಾಷೆಯಾಗಿ ತೆಗೆದುಕೊಳ್ಳಬಾರದು. ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಮನೆಯವರನ್ನು ಕರೆಸಿ ಅವರ ಕೈಗೇ ಒಪ್ಪಿಸಿ. ಆ ಮನೆಯಿಂದಲೇ ಅಪಾಯವೆಂದು ಮಗು ಹೇಳಿದ್ದರೆ ಮೊದಲು 1098ಕ್ಕೆ ಕರೆ ಮಾಡಿ. ಮೆಣಸಿನಕಾಯಿ, ಹತ್ತಿ ಬೆಳೆಯುವ ನಮ್ಮ ಮನೆಗಳಲ್ಲಿ ಹೊಡೆಯುವ ಎಣ್ಣೆಯ ಡಬ್ಬಿ ಮಂಚದ ಕೆಳಗೇ ಇರುತ್ತದೆ. ಕ್ರಿಮಿನಾಶಕವನ್ನು ಬೀಗದೊಳಗಿಡಿ ಅಥವಾ ಮನೆಯಿಂದಲೇ ಸಾಗಿಸಿ ಎಂದು ಪೋಷಕರಿಗೆ ಅಂದೇ ಹೇಳುವುದು ಬೇರೆಲ್ಲ ಉಪದೇಶಕ್ಕಿಂತ ಮುಖ್ಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಕೇಂದ್ರದಲ್ಲಿದೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಫಲಿತಾಂಶದ ನಂತರವಲ್ಲ, ಪರೀಕ್ಷೆಗೆ ಮೊದಲೇ, ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆಯೆಂದು ಪೋಷಕರ ಎದುರಿಗೆ ಹೇಳಿ. ಫಲಿತಾಂಶದ ಸಂಜೆ ಹೊಣೆ ಹೊತ್ತ ಶಿಕ್ಷಕರು ತಮ್ಮ ಪಟ್ಟಿಯಲ್ಲಿ ಅನುತ್ತೀರ್ಣರಾದ ಪ್ರತಿಯೊಬ್ಬರಿಗೂ ಕರೆ ಮಾಡಬೇಕು. ರಜೆಯಾದರೂ ಈ ಕರೆ ತಪ್ಪಬಾರದು.

ಬರೆದಿಡುವುದು, ಒಪ್ಪಿಸುವುದು

ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಒಂದು ಪುಟ ಸಾಕು: ದಿನಾಂಕ, ಕಂಡದ್ದು, ಮಾಡಿದ್ದು, ಮುಂದೆ ಯಾವಾಗ ನೋಡಬೇಕು. ಊಹೆಯನ್ನು ಬರೆಯಬಾರದು, “ಮನೆಯಲ್ಲಿ ಜಗಳವಿದೆ” ಎನ್ನುವ ಬದಲು “ಎರಡು ದಿನ ಊಟ ಮಾಡಿ ಬಂದಿಲ್ಲ ಎಂದಳು” ಎಂದು ಬರೆಯಬೇಕು. ಪುಸ್ತಕ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಬೀಗದೊಳಗಿರಲಿ. ನಮ್ಮ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ, ಕಾಯಂ ಶಿಕ್ಷಕರಿಗೂ ವರ್ಗಾವಣೆಯಿದೆ. ಆದ್ದರಿಂದ ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮೊದಲು ಹೋಗುವವರು ಉಳಿಯುವವರೊಂದಿಗೆ ಕೂತು ಪುಟ ಪುಟವಾಗಿ ಓದಿ ಹೇಳಬೇಕು, ಮತ್ತು ಸಾಧ್ಯವಾದರೆ ಮುಂದಿನ ಹೊಣೆಗಾರರನ್ನು ಹೆಚ್ಚು ಗಮನ ಬೇಕಿರುವ ಐದಾರು ಮಕ್ಕಳ ಮನೆಗೆ ತಾವೇ ಕರೆದೊಯ್ದು, “ಇನ್ನ ಮ್ಯಾಲ ಇವರಿಗೆ ಫೋನ್ ಹಚ್ಚ್ರಿ” ಎಂದು ಪರಿಚಯಿಸಿ ಬರಬೇಕು.